ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ದುರ್ಗದ ಬಸ್ಸಿಗೆ ಕಾಯುತ್ತಿದ್ದೆ. 2019ರ ಮೇ ತಿಂಗಳು, ಮಧ್ಯಾಹ್ನ ಎರಡರ ಬಿಸಿಲು. ಹಿಂದಿನಿಂದ ಯಾರೋ ‘ನಮಸ್ಕಾರ ಸಾ’ ಅಂದರು. ತಿರುಗಿದರೆ ಎತ್ತರದ ಹುಡುಗ. ಅಂಗಿ, ತಲೆಗೂದಲು, ಕಣ್ಣೆವೆಯ ಮೇಲೆಲ್ಲ ಬೋರ್ ಕೊರೆಯುವಾಗ ಹಾರುವ ಕಲ್ಲಿನ ಬಿಳಿ ಹುಡಿ.

‘ಗುರ್ತು ಸಿಕ್ತಾ ಸಾ?’

ಮುಖ ಗುರುತು ಸಿಕ್ಕಿತು. ಒಂದು ಹೆಗಲು ಸ್ವಲ್ಪ ಇಳಿಸಿ ನಿಲ್ಲುವ ರೀತಿ ಗುರುತು ಸಿಕ್ಕಿತು. ಆದರೆ ನನ್ನ ಬಾಯಿಗೆ ಬಂದದ್ದು ಒಂದೇ ಮಾತು. ಖುಷಿಯಲ್ಲೇ ಬಂತು, ಜೋರಾಗಿಯೇ ಬಂತು. ‘ಲೇ, ದಂಟು ಅಲ್ವೇನೋ!’

ಅವನು ನಕ್ಕ. ನಗು ತುಟಿಯಲ್ಲಿತ್ತು, ಕಣ್ಣಿಗೆ ಏರಲಿಲ್ಲ. ‘ಅದೊಂದೇ ನೆಪ್ಪೈತೇನ್ ಸಾ?’ ಅಂದ. ಆಮೇಲೆ ಅವನೇ ಬಲವಂತ ಮಾಡಿ ಟೀ ಕುಡಿಸಿದ. ಬೋರ್‌ವೆಲ್ ಲಾರಿಯಲ್ಲಿ ಕೆಲಸ, ತಮಿಳುನಾಡು, ಆಂಧ್ರ ಎಲ್ಲ ಸುತ್ತಿದ್ದೀನಿ ಅಂದ. ಅವ್ವ ಹುಷಾರಾಗಿದ್ದಾಳೆ, ಅಕ್ಕನಿಗೆ ಎರಡು ಮಕ್ಕಳು ಅಂದ. ನಾನು ಹೂಂಗುಟ್ಟುತ್ತಾ ತಲೆಯೊಳಗೆ ಹುಡುಕುತ್ತಲೇ ಇದ್ದೆ. ಇವನ ಹೆಸರೇನು? ಒಂದೂವರೆ ವರ್ಷ ದಿನಾ ಕಣ್ಣೆದುರು ಇದ್ದ ಹುಡುಗ. ಎಂಟನೇ ತರಗತಿ, ನೀಲಿ ಪ್ಯಾಂಟಿನ ಮಂಡಿಗೆ ತೇಪೆ, ಕೊನೆಯ ಸಾಲು, ಎಲ್ಲಾ ನೆನಪಿದೆ. ಹೆಸರಿಲ್ಲ. ಟೀ ಲೋಟ ಹಿಡಿದ ಅವನ ಎಡಗೈ ನೋಡಿದೆ. ಕಿರುಬೆರಳು ಲೋಟವನ್ನು ಸುತ್ತಿರಲಿಲ್ಲ. ನಡುಗೆಣ್ಣಿನಲ್ಲಿ ಸೊಟ್ಟಗಾಗಿ ಹೊರಗೆ ಚಾಚಿತ್ತು.

ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ಕೈ ಬೀಸಿದೆ. ಕೂಗಿ ಹೇಳಲು ನನ್ನ ಹತ್ತಿರ ಹೆಸರಿರಲಿಲ್ಲ.

ನಾನು ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಹೈಸ್ಕೂಲೊಂದರ ಪಿ.ಟಿ. ಮೇಷ್ಟ್ರು. ಸೇವೆ 24 ವರ್ಷ ತುಂಬಿತು. ಮಕ್ಕಳು ಮಕ್ಕಳಿಗೇ ಕೊಡುವ ಕಾಟದ ಬಗ್ಗೆ ಈಗ ತುಂಬ ಜನ ಮಾತಾಡುತ್ತಾರೆ, ಪೇಪರಿನಲ್ಲಿ ಬರುತ್ತೆ. ಬಹುತೇಕ ಎಲ್ಲರೂ ‘ಈ ಕಾಲದ ಮಕ್ಕಳು ಹೀಗೆ’ ಅಂತ ಶುರು ಮಾಡುತ್ತಾರೆ. ನಾನು ನನ್ನಿಂದ ಶುರು ಮಾಡಬೇಕು. ಯಾಕೆಂದರೆ ಆ ಹೆಸರನ್ನು ಇಟ್ಟವನು ನಾನು.

2011ರ ಆಗಸ್ಟ್. ವಲಯ ಮಟ್ಟದ ಕ್ರೀಡಾಕೂಟಕ್ಕೆ ಅಭ್ಯಾಸ ನಡೆಸುತ್ತಿದ್ದೆ. ಆ ಹುಡುಗ ಆ ವರ್ಷವೇ ಎಂಟಕ್ಕೆ ಸೇರಿದ್ದ. ತೆಳ್ಳಗೆ, ಉದ್ದಕ್ಕೆ, ಒಂದೇ ವರ್ಷದಲ್ಲಿ ಬೆಳೆದುಬಿಟ್ಟ ಕಾಲು. 800 ಮೀಟರಿಗೆ ಅವನೇ ಬಂದು ಹೆಸರು ಕೊಟ್ಟ. ಚೆನ್ನಾಗಿಯೇ ಓಡಿದ. ಕೊನೆಯ ತಿರುವಿನಲ್ಲಿ ಕಾಲಿಗೆ ಕಾಲು ತೊಡರಿ ಬಿದ್ದ. ಸುತ್ತ ಅರವತ್ತು ಎಪ್ಪತ್ತು ಮಕ್ಕಳು ನಿಂತಿದ್ದರು. ನಾನು ವಿಶಲ್ ಬಾಯಿಂದ ತೆಗೆದು, ‘ಏನ್ಲಾ ಜೋಳದ ದಂಟು, ಗಾಳಿಗೇ ಬಿದ್ಯಾ?’ ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮಂಡಿಯ ಮಣ್ಣು ಒರೆಸಿಕೊಳ್ಳುತ್ತಾ ನಕ್ಕ. ಮಕ್ಕಳನ್ನು ನಗಿಸುವ ಮೇಷ್ಟ್ರಿಗೆ ಮಕ್ಕಳು ಹತ್ತಿರವಾಗುತ್ತಾರೆ ಎಂದು ಆಗ ನಂಬಿದ್ದೆ. ಅಂದು ಮನೆಗೆ ಸಮಾಧಾನದಿಂದಲೇ ಹೋದೆ.

ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಆಗ ವರ್ಷದ ಮೇಲಾಗಿತ್ತು. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಅದರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ತರಬೇತಿಯಲ್ಲಿ ಹೇಳಿದ್ದರು, ನಾನು ನೋಟ್ಸೂ ಬರೆದುಕೊಂಡಿದ್ದೆ. ಬೆತ್ತ ಬಿಟ್ಟಿದ್ದೆ. ಬೆತ್ತ ಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಮಾನಸಿಕ ಕಿರುಕುಳ ಅಂದರೆ ಏನೋ ದೊಡ್ಡ ಕ್ರೌರ್ಯ, ಬೇರೆ ಯಾರೋ ಮಾಡುವಂಥದ್ದು ಎಂದೇ ತಿಳಿದಿದ್ದೆ. ಅರವತ್ತು ಮಕ್ಕಳ ಎದುರು ಬಿದ್ದ ಮಗುವಿಗೆ ಅಡ್ಡಹೆಸರಿಟ್ಟದ್ದು ಅದರೊಳಗೆ ಬರುತ್ತದೆ ಎಂದು ಹೊಳೆಯಲೇ ಇಲ್ಲ.

ವಾರದೊಳಗೆ ಆ ಹೆಸರು ಇಡೀ ಶಾಲೆಗೆ ಗೊತ್ತಾಯಿತು. ಮೇಷ್ಟ್ರೇ ಕರೆದಿದ್ದಾರೆ ಅಂದಮೇಲೆ ಅದು ಬೈಗುಳ ಹೇಗಾದೀತು? ಹುಡುಗರಿಗೆ ಪರವಾನಗಿ ಸಿಕ್ಕಂತಾಯಿತು. ಹೆಸರಿಗೆ ಒಂದು ಆಟವೂ ಹುಟ್ಟಿಕೊಂಡಿತು. ಅದು ನನಗೆ ಗೊತ್ತಾಗಿದ್ದು ದೀಪಾವಳಿ ಕಳೆದ ಮೇಲೆ. ಗೊತ್ತು ಮಾಡಿದವರು ಬಿಸಿಯೂಟದ ಅಕ್ಕ.

ಮಧ್ಯಾಹ್ನ ಊಟದ ಸಾಲಿನ ಪಕ್ಕ ನಿಂತಿದ್ದೆ. ಸಾಂಬಾರಿನ ಸೌಟು ಕೈಯಲ್ಲೇ ಇಟ್ಟುಕೊಂಡು ಆಕೆ ಮೆಲ್ಲಗೆ, ‘ಮೇಷ್ಟ್ರೇ, ಆ ಹುಡ್ಗ ಎಡಗೈಯಾಗೆ ತಟ್ಟೆ ಹಿಡಿಯಲ್ಲ ನೋಡ್ರಿ. ಒಂದ್ ವಾರಾತು’ ಅಂದರು. ನೋಡಿದೆ. ಸ್ಟೀಲ್ ತಟ್ಟೆಯನ್ನು ಮುಂಗೈ ಮೇಲೆ ಹೊತ್ತಂತೆ ಇಟ್ಟುಕೊಂಡು, ಎದೆಗೆ ಆನಿಸಿಕೊಂಡು ಬರುತ್ತಿದ್ದ. ಬಿಸಿ ಅನ್ನದ ತಟ್ಟೆ. ಅಂಗಿಯ ಎದೆಯ ಮೇಲೆ ದುಂಡಗೆ ಸಾಂಬಾರಿನ ಕಲೆ. ಕರೆದು ಕೈ ನೋಡಿದರೆ ಕಿರುಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿತ್ತು.

‘ಏನಾಯ್ತೋ?’

‘ಬಾಗ್ಲಿಗೆ ಸಿಕ್ಕಾಕ್ಕಂತು ಸಾ.’

ಆಟ ಇದು. ದಂಟು ಅಂದಮೇಲೆ ಮುರಿಯಬೇಕಲ್ಲ. ನಾಲ್ವರು ಹುಡುಗರು ಇವನನ್ನು ನಲ್ಲಿಯ ಹಿಂದೆ ಹಿಡಿದುಕೊಳ್ಳುವುದು, ಒಂದೊಂದು ಬೆರಳನ್ನೂ ಹಿಂದಕ್ಕೆ ಬಗ್ಗಿಸಿ ನೆಟಿಗೆ ಮುರಿಯುವುದು. ಹತ್ತು ಬೆರಳು, ಹತ್ತು ನೆಟಿಗೆ. ಯಾವ ಬೆರಳಿನಿಂದ ಸದ್ದು ಬರಲಿಲ್ಲವೋ ಅದನ್ನು ಬರುವ ತನಕ ಬಗ್ಗಿಸುವುದು. ಇದು ದಿನಾ ನಡೆಯುತ್ತಿತ್ತು, ಊಟ ಮುಗಿದು ತಟ್ಟೆ ತೊಳೆಯುವ ಹೊತ್ತಿನಲ್ಲಿ. ಸ್ಟಾಫ್ ರೂಮಿನಿಂದ ಆ ಜಾಗ ನಲವತ್ತು ಹೆಜ್ಜೆ ಇರಬಹುದು. ನಾವು ಮೇಷ್ಟ್ರುಗಳೆಲ್ಲ ಆಗ ಒಳಗೆ ಕೂತು ಊಟ ಮಾಡುತ್ತಿದ್ದೆವು.

ಇಲ್ಲಿಂದ ಮುಂದೆ ನಾನು ಮಾಡಿದ್ದು ಮೊದಲಿನದ್ದಕ್ಕಿಂತ ದೊಡ್ಡ ತಪ್ಪು. ಮಾರನೇ ದಿನ ಪ್ರಾರ್ಥನೆಯಲ್ಲಿ ಆ ನಾಲ್ವರಿಗೆ ಮುಂದಾಳಾಗಿದ್ದ ಹುಡುಗನನ್ನು ಮುಂದೆ ಕರೆದೆ, ಇವನನ್ನೂ ಕರೆದೆ. ‘ಇಬ್ಬರೂ ಕೈ ಕುಲುಕಿ. ಇನ್ಮೇಲೆ ಅಣ್ಣತಮ್ಮಂದಿರ ಥರ ಇರ್ಬೇಕು’ ಅಂದೆ. ಕೈ ಕುಲುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಆ ಹುಡುಗ ಬಲಗೈ ಚಾಚಲಿಲ್ಲ. ಎರಡೂ ಕೈ ಚಾಚಿ, ಬಹಳ ಪ್ರೀತಿ ಇದ್ದವನಂತೆ ಇವನ ಎರಡೂ ಕೈ ಹಿಡಿದುಕೊಂಡ. ಎಡಗೈಯ ಊದಿದ ಬೆರಳನ್ನು ಮುಷ್ಟಿಯೊಳಗೆ ಸೇರಿಸಿ ಹಿಂಡಿದ. ಇವನ ಕಣ್ಣಲ್ಲಿ ನೀರು ತುಂಬಿತು. ತುಟಿ ಮಾತ್ರ ನಗುತ್ತಿತ್ತು. ಆ ನೀರನ್ನು ನಾನು ಆನಂದಬಾಷ್ಪ ಎಂದುಕೊಂಡೆ. ಸತ್ಯವಾಗಿ ಹಾಗೆಯೇ ಅಂದುಕೊಂಡೆ.

ಇಬ್ಬರು ಸಮಬಲರು ಜಗಳವಾಡಿದರೆ ರಾಜಿ ಮಾಡಿಸಬಹುದು. ಒಬ್ಬ ಹಿಡಿಯುವವನು, ಒಬ್ಬ ಹಿಡಿಸಿಕೊಳ್ಳುವವನು ಆದಾಗ ರಾಜಿ ಎಂಬುದು ಹಿಡಿಯುವವನ ಕೈಗೆ ಇನ್ನೊಂದು ಹಗ್ಗ. ಇದನ್ನು ಹೇಳಿಕೊಟ್ಟ ಪುಸ್ತಕ ನನ್ನ ಕೈಗೆ ಬಂದದ್ದು ಬಹಳ ವರ್ಷದ ಮೇಲೆ. 1982ರ ಕೊನೆಯಲ್ಲಿ ನಾರ್ವೆ ದೇಶದಲ್ಲಿ ಮೂವರು ಹುಡುಗರು ಸಹಪಾಠಿಗಳ ಕಾಟ ತಾಳಲಾರದೆ ಜೀವ ಕಳೆದುಕೊಂಡರು. ಮರುವರ್ಷವೇ ಅಲ್ಲಿನ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಅಭಿಯಾನ ಶುರು ಮಾಡಿತು. ಆ ಕೆಲಸದ ಮುಂದಾಳು ಬರ್ಗೆನ್ ಊರಿನ ಮನಃಶಾಸ್ತ್ರಜ್ಞ ಡಾನ್ ಓಲ್ವೇಯಸ್. ಕಾಟಕ್ಕೆ ಅವರು ಕೊಟ್ಟ ಗುರುತು ಮೂರು: ನೋಯಿಸಬೇಕೆಂದೇ ಮಾಡಿರಬೇಕು, ಮತ್ತೆ ಮತ್ತೆ ನಡೆದಿರಬೇಕು, ಎರಡು ಕಡೆಯ ಬಲ ಸಮ ಇರಬಾರದು. ಮೂರನೆಯದನ್ನು ಓದಿದಾಗ ನನಗೆ ಆ ಕೈಕುಲುಕಾಟ ಕಣ್ಣಿಗೆ ಕಟ್ಟಿತು.

ನಮ್ಮ ಭಾಷೆಯಲ್ಲಿ ಇದಕ್ಕೆ ಮಾತು ಕಡಿಮೆಯಿಲ್ಲ. ರೇಗಿಸೋದು, ಕಿಚಾಯಿಸೋದು, ಚುಡಾಯಿಸೋದು, ಗೋಳು ಹೊಯ್ದುಕೊಳ್ಳೋದು, ಆಡಿಕೊಳ್ಳೋದು, ಹಂಗಿಸೋದು, ಅಣಕಿಸೋದು, ಸತಾಯಿಸೋದು. ಇಷ್ಟಿದ್ದರೂ ಒಂದನ್ನೂ ಹೆಡ್‌ಮಾಸ್ಟರ ಮುಂದೆ ದೂರಾಗಿ ಹೇಳಲು ಬರುವುದಿಲ್ಲ. ‘ಸಾ, ಅವ್ನು ರೇಗಿಸ್ತಾನೆ’ ಅಂದರೆ ‘ಹೋಗ್ಲಿ ಬಿಡೋ, ತಮಾಷೆಗೆ’ ಅನ್ನುತ್ತೇವೆ. ಕಾಲೇಜಿಗಾದರೆ ರ್ಯಾಗಿಂಗ್ ಅನ್ನುವ ಪದ ಇದೆ, ಆ ಪದಕ್ಕೆ ಹೆದರಿಕೆಯೂ ಇದೆ. 2009ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ನಿಯಮ ಮಾಡಿತು. ದಾವಣಗೆರೆಯಲ್ಲಿ ಮೆಡಿಕಲ್ಲಿಗೋ ಇಂಜಿನಿಯರಿಂಗಿಗೋ ಸೇರುವ ಮಗು ತಾನು ರ್ಯಾಗಿಂಗ್ ಮಾಡುವುದಿಲ್ಲ ಎಂದು ಅಫಿಡವಿಟ್ ಕೊಡಬೇಕು, ಅಪ್ಪಅಮ್ಮನೂ ಕೊಡಬೇಕು. ಹದಿನೆಂಟು ದಾಟಿದ, ಮಾತಾಡಲು ಬಲ್ಲ ಮಕ್ಕಳಿಗೆ ಇಷ್ಟು ರಕ್ಷಣೆ. ಹದಿಮೂರರ ಹುಡುಗನಿಗೆ ನಾವು ಕೊಡುವುದು ‘ತಮಾಷೆ’ ಎಂಬ ಮಾತು. ಈಗ ನಮ್ಮ ಶಾಲೆಯಲ್ಲಿ ನಾನು ಒಂದೇ ಪದ ಬಳಸುತ್ತೇನೆ, ಕಾಟ. ಹಳ್ಳಿಯ ಅಜ್ಜಿಗೂ ಅರ್ಥವಾಗುತ್ತದೆ. ‘ನಿಮ್ ಹುಡುಗ ಇನ್ನೊಬ್ಬ ಹುಡುಗನಿಗೆ ಕಾಟ ಕೊಡ್ತಾ ಇದ್ದಾನೆ’ ಅಂದರೆ ಯಾವ ತಂದೆಯೂ ನಗುವುದಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಅಡ್ಡಹೆಸರು ಬರೀ ಮೈಕಟ್ಟಿನ ಮೇಲೆ ಹುಟ್ಟುವುದಿಲ್ಲ. ಹಟ್ಟಿಯ ಹೆಸರು, ತಾಂಡಾದ ಹೆಸರು, ಅಪ್ಪ ಮಾಡುವ ಕೆಲಸ, ಮನೆಯಲ್ಲಿ ಆಡುವ ಭಾಷೆ, ಎಲ್ಲವೂ ಶಾಲೆಯಲ್ಲಿ ಅಡ್ಡಹೆಸರಾಗುತ್ತವೆ. ಗುಳೆ ಹೋದವರ ಮಕ್ಕಳು ಅಜ್ಜಿಯ ಜೊತೆ ಉಳಿದಿರುತ್ತಾರೆ. ಅವರ ಪರವಾಗಿ ಶಾಲೆಗೆ ಬಂದು ಕೇಳಲು ಯಾರೂ ಇಲ್ಲ ಎಂಬುದು ಕಾಟ ಕೊಡುವವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಜಾತಿ ಹಿಡಿದು ಹಂಗಿಸುವುದು ಮಕ್ಕಳ ಆಟ ಎಂದು ಯಾವ ಮೇಷ್ಟ್ರಾದರೂ ಹೇಳಿದರೆ ಅವರು ಮಕ್ಕಳನ್ನು ನೋಡುತ್ತಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆವು. ಒನಕೆ ಓಬವ್ವನ ಕಿಂಡಿಯ ಹತ್ತಿರ ನಾನು ಕಲ್ಲಿನ ಮೇಲೆ ನಿಂತು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದದ್ದು, ಕಾವಲುಗಾರನ ಹೆಂಡತಿ ಒನಕೆ ಎತ್ತಿದ್ದು, ಕೈ ಎತ್ತಿ ಎತ್ತಿ ಹೇಳಿದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಅಂದು ಏನಾಯಿತು ಎಂದು ತಿಳಿದದ್ದು ಬಸ್ ಸ್ಟ್ಯಾಂಡಿನ ಭೇಟಿಯಾದ ಮೇಲೆ. ಅದೇ ತರಗತಿಯಲ್ಲಿದ್ದ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಊರಲ್ಲೇ ಅಂಗಡಿ ಇಟ್ಟಿದ್ದಾನೆ. ಅವನನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವನು ತಕ್ಕಡಿ ಕೆಳಗಿಟ್ಟು ಹೇಳಿದ: ನಾನು ಕಥೆ ಮುಗಿಸಿ ಮುಂದೆ ಹೋದಮೇಲೆ ನಾಲ್ವರು ಸೇರಿ ಅವನನ್ನು ಕಿಂಡಿಯೊಳಗೆ ತೂರಿಸಿದರು. ಇತ್ತ ಇಬ್ಬರು, ಅತ್ತ ಇಬ್ಬರು ಅಡ್ಡ ನಿಂತರು. ಹೊರಗೆ ತಲೆ ಹಾಕಿದಾಗೆಲ್ಲ ನೀರಿನ ಬಾಟಲಿಯಿಂದ ತಲೆಗೆ ಹೊಡೆದರು. ಓಬವ್ವನ ಆಟ.

‘ನೀನೆಲ್ಲಿದ್ದೆ?’ ಅಂತ ಕೇಳಿದೆ.

‘ಅಲ್ಲೇ ಇದ್ದೆ ಸಾ. ನಾವೊಂದ್ ಹದಿನೈದ್ ಜನ ಇದ್ವಿ. ನಗ್ತಿದ್ವಿ.’ ಸ್ವಲ್ಪ ಹೊತ್ತು ಬಿಟ್ಟು, ‘ನಗ್ದಿದ್ರೆ ನಮ್ಮನ್ನ ಹಿಡೀತಿದ್ರು ಸಾ’ ಅಂದ.

ಆ ಹದಿನೈದು ಜನರ ಬಗ್ಗೆಯೇ ನಾನು ಆಮೇಲೆ ಹೆಚ್ಚು ಯೋಚಿಸಿದೆ. ಕಾಟ ಕೊಡುವ ನಾಲ್ವರು ಎಲ್ಲಾ ಶಾಲೆಯಲ್ಲೂ ಸಿಗುತ್ತಾರೆ. ಆಟ ನಡೆಯುವುದು ನಿಂತು ನೋಡುವವರಿಂದ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಾಲಿ 1996ರಲ್ಲೇ ಇದನ್ನು ವಿಂಗಡಿಸಿ ತೋರಿಸಿದರು. ಕೈ ಹಾಕುವವನಿಗೆ ಜೊತೆಗೂಡುವವರು, ನಕ್ಕು ಹುರಿದುಂಬಿಸುವವರು, ನನಗ್ಯಾಕೆ ಅಂತ ದೂರ ನಿಲ್ಲುವವರು, ನೊಂದವನ ಪರ ನಿಲ್ಲುವವರು. ಅವರು ರೂಪಿಸಿದ ಕಿವಾ ಎಂಬ ಕಾರ್ಯಕ್ರಮ ಅಲ್ಲಿನ ಶಾಲೆಗಳಲ್ಲಿ ಕಾಟ ಕೊಡುವವನಿಗಿಂತ ಹೆಚ್ಚಾಗಿ ಈ ನೋಡುವವರ ಜೊತೆ ಕೆಲಸ ಮಾಡುತ್ತದೆ.

ಕೆನಡಾದ ಒಂದು ಅಧ್ಯಯನವನ್ನಂತೂ ನಾನು ಮರೆಯುವುದಿಲ್ಲ. ಟೊರಾಂಟೊ ಕಡೆಯ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು, ಮಕ್ಕಳ ಮೈಮೇಲೆ ಮೈಕು ಕಟ್ಟಿ ದಾಖಲಿಸಿ, 2001ರಲ್ಲಿ ಪ್ರಕಟಿಸಿದ್ದು. ನೂರು ಕಾಟದಲ್ಲಿ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ಮಗು ಮಧ್ಯೆ ಬಂದದ್ದು ಬರೀ 19ರಲ್ಲಿ. ಆದರೆ ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ನೂರಕ್ಕೆ 57 ಸಲ, ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತು.

ಹತ್ತು ಸೆಕೆಂಡು. ನನ್ನ ಕೊರಳಲ್ಲಿ ಸದಾ ಸ್ಟಾಪ್‌ವಾಚ್ ಇರುತ್ತದೆ. ನಮ್ಮ ತಾಲ್ಲೂಕಿನ ಯಾವ ಹುಡುಗನೂ 100 ಮೀಟರನ್ನು ಹತ್ತು ಸೆಕೆಂಡಿಗೆ ಓಡಿಲ್ಲ. ಒಂದು ದಿನ ಒಂಬತ್ತನೇ ತರಗತಿಯನ್ನು ಬೇವಿನ ಮರದ ಕೆಳಗೆ ಕೂರಿಸಿ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದೆ. ಸ್ಟಾಪ್‌ವಾಚ್ ಒತ್ತಿದೆ, ಹತ್ತಾದ ಮೇಲೆ ವಿಶಲ್ ಊದಿದೆ. ‘ಇಷ್ಟೇನಾ ಸಾ?’ ಅಂದಳು ಒಬ್ಬಳು. ‘ಇಷ್ಟೇ’ ಅಂದೆ. ‘ಇಷ್ಟು ಹೊತ್ತು ಧೈರ್ಯ ಇದ್ರೆ ಸಾಕು. ಒಬ್ಬರೇ ಬೇಡ, ಇಬ್ಬರು ಹೋಗಿ. ಬೈಯೋದೂ ಬೇಡ. ಅವನ ಹೆಸರು ಹಿಡಿದು ಕರೀರಿ, ಬಾರೋ ಹೋಗಣ ಅಂತ ಕರ್ಕೊಂಡ್ ಬಂದ್ಬಿಡಿ.’ ಅಷ್ಟೂ ಧೈರ್ಯವಿಲ್ಲದವರು ನಗದೆ ಇರಬೇಕು, ಓಡಿ ಬಂದು ದೊಡ್ಡವರಿಗೆ ಹೇಳಬೇಕು. ಚಾಡಿ ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಕೇಳಿದರು. ಒಬ್ಬನನ್ನು ಸಿಕ್ಕಿಸಲು ಹೇಳಿದರೆ ಚಾಡಿ, ಒಬ್ಬನನ್ನು ಬಿಡಿಸಲು ಹೇಳಿದರೆ ಸಹಾಯ ಅಂದೆ. ಒಪ್ಪಿದರು.

ಹೇಳುವುದು ಸುಲಭ. ಮಕ್ಕಳು ಧೈರ್ಯ ಮಾಡಿ ಬಂದು ಹೇಳಿದಾಗ ದೊಡ್ಡವರು ಏನು ಮಾಡುತ್ತೇವೆ ಎಂಬುದರ ಮೇಲೆ ಎಲ್ಲಾ ನಿಂತಿದೆ. ಹಾಗಾಗಿ ಶಾಲೆಯಲ್ಲಿ ಕೆಲವನ್ನು ಬದಲಾಯಿಸಿದೆವು. ಮೊದಲು ಮಕ್ಕಳಿಗೆ ಬಿಳಿ ಹಾಳೆ ಕೊಟ್ಟು ಶಾಲೆಯ ನಕ್ಷೆ ಬರೆಯಲು ಹೇಳಿದೆವು, ಹೋಗಲು ಭಯವಾಗುವ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ ಅಂದೆವು. ಹೆಸರು ಬರೆಯಬೇಡಿ ಅಂದೆವು. ನಲ್ಲಿಯ ಹಿಂದೆ ಕೆಂಪಾಗುತ್ತದೆ ಎಂದು ಗೊತ್ತಿತ್ತು. ಸೈಕಲ್ ಸ್ಟ್ಯಾಂಡ್ ಕೆಂಪಾಯಿತು, ಶೌಚಾಲಯಕ್ಕೆ ಹೋಗುವ ಸಂದಿ ಕೆಂಪಾಯಿತು. ಹೆಣ್ಣುಮಕ್ಕಳ ಹಾಳೆಗಳಲ್ಲಿ ಬಸ್ಸನ್ನೇ ಬರೆದು ಅದರ ಹಿಂದಿನ ಸೀಟಿಗೆ ಬಣ್ಣ ಹಚ್ಚಿದ್ದರು. ಆರು ಹಾಳೆಯಲ್ಲಿ ಸ್ಟಾಫ್ ರೂಮಿನ ಬಾಗಿಲು ಕೆಂಪಾಗಿತ್ತು. ಆ ಆರು ಹಾಳೆ ಮೇಜಿನ ಮೇಲಿಟ್ಟುಕೊಂಡು ನಾವು ಎಂಟು ಜನ ಬಹಳ ಹೊತ್ತು ಮಾತಿಲ್ಲದೆ ಕೂತಿದ್ದೆವು.

ಈಗ ಊಟದ ಹೊತ್ತಿನಲ್ಲಿ ಇಬ್ಬರು ಶಿಕ್ಷಕರು ಸರದಿಯ ಮೇಲೆ ಮಕ್ಕಳ ಜೊತೆಯೇ ಉಣ್ಣುತ್ತೇವೆ, ತಟ್ಟೆಯನ್ನು ಅದೇ ನಲ್ಲಿಯಲ್ಲಿ ತೊಳೆಯುತ್ತೇವೆ. ಕಾವಲು ನಿಂತಂತೆ ನಿಲ್ಲುವುದಿಲ್ಲ, ಇರುತ್ತೇವೆ ಅಷ್ಟೇ. ಬಿಸಿಯೂಟದ ಅಕ್ಕಂದಿರನ್ನೂ ತಿಂಗಳ ಸಭೆಗೆ ಕರೆಯುತ್ತೇವೆ. ಯಾರು ಊಟ ಬಿಟ್ಟರು, ಯಾರು ಒಬ್ಬರೇ ಮೂಲೆಯಲ್ಲಿ ಕೂತರು, ಯಾರು ಎರಡನೇ ಸಲ ಬಡಿಸಿಕೊಳ್ಳಲು ನಾಚುತ್ತಾರೆ, ನಮಗಿಂತ ಅವರಿಗೆ ಗೊತ್ತು. ಬಸ್ಸಿನ ವಿಷಯ ನಮ್ಮ ಕೈಯಲ್ಲಿ ಇರಲಿಲ್ಲ. ಗ್ರಾಮ ಪಂಚಾಯ್ತಿಯ ಮಕ್ಕಳ ಗ್ರಾಮ ಸಭೆಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಮೈಕು ಹಿಡಿದು, ‘ಹಿಂದಿನ ಸೀಟಿನಾಗೆ ಕೂರೋರು ನಮ್ ಜಡೆ ಸೀಟಿಗೆ ಕಟ್ತಾರೆ’ ಅಂತ ಒಂದೇ ವಾಕ್ಯ ಹೇಳಿದಳು. ಹಿಂದೆ ನಿಂತಿದ್ದ ಅಪ್ಪಂದಿರ ತಲೆ ತಗ್ಗಿತು. ಈಗ ಆ ಬಸ್ಸಿನ ಹಿಂದಿನ ಬಾಗಿಲಲ್ಲಿ ಕಂಡಕ್ಟರ್ ನಿಲ್ಲುತ್ತಾರೆ.

ದೂರು ಪೆಟ್ಟಿಗೆ ಎರಡು ವರ್ಷ ಖಾಲಿಯೇ ಇತ್ತು. ಹೆಡ್‌ಮಾಸ್ಟರ ಬಾಗಿಲ ಪಕ್ಕ ನೇತುಹಾಕಿದ್ದೆವು, ಎಲ್ಲರ ಕಣ್ಣೆದುರು ಚೀಟಿ ಹಾಕುವವರು ಯಾರು? ಲೈಬ್ರರಿಯ ಒಳಗೆ ಕಪಾಟಿನ ಮಗ್ಗುಲಿಗೆ ಇಟ್ಟ ಮೇಲೆ ಚೀಟಿ ಬರತೊಡಗಿದವು.

ನನ್ನ ಪಿರಿಯಡ್ಡಿನಲ್ಲಿ ಬದಲಾದದ್ದು ತಂಡ ಕಟ್ಟುವ ರೀತಿ. ಮೊದಲೆಲ್ಲ ಇಬ್ಬರು ಕ್ಯಾಪ್ಟನ್ನರನ್ನು ನಿಲ್ಲಿಸಿ ‘ಆರಿಸ್ಕಳ್ರಿ’ ಅನ್ನುತ್ತಿದ್ದೆ. ಕೊನೆಗೆ ಒಬ್ಬ ಉಳಿಯುತ್ತಾನೆ. ‘ಸಾ, ಇವ್ನನ್ನ ನೀವೇ ಅವ್ರ ಕಡಿಗ್ ಹಾಕ್ರಿ’ ಅಂತ ಎರಡೂ ಕಡೆ ತಳ್ಳಾಡುತ್ತಾರೆ. ಆ ಮಗು ಮಧ್ಯದಲ್ಲಿ ನಿಂತು ನೆಲ ನೋಡುತ್ತಾ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಿರುತ್ತದೆ. ವಾರಕ್ಕೆ ಎರಡು ಪಿರಿಯಡ್, ವರ್ಷಪೂರ್ತಿ. ನಾನೇ ಏರ್ಪಡಿಸಿದ ಅವಮಾನ ಅದು. ಈಗ ಸಾಲಾಗಿ ನಿಲ್ಲಿಸಿ ‘ಒಂದು, ಎರಡು, ಒಂದು, ಎರಡು’ ಎಣಿಸುತ್ತೇನೆ, ಮುಗಿಯಿತು. ಖೋಖೋ ಹೆಚ್ಚು ಆಡಿಸುತ್ತೇನೆ. ಸಾಲಿನಲ್ಲಿ ಕೂತ ಎಂಟು ಜನರಲ್ಲಿ ನಿಧಾನದವನಿಗೂ ಖೋ ಕೊಡಲೇಬೇಕಾಗುತ್ತದೆ, ಅವನ ಬೆನ್ನು ಮುಟ್ಟಲೇಬೇಕಾಗುತ್ತದೆ.

ಕಾಟ ಕೊಟ್ಟ ಆ ಹುಡುಗನ ಬಗ್ಗೆಯೂ ಹೇಳಬೇಕು. ಕೈಕುಲುಕಾಟ ಸುಳ್ಳಾದದ್ದು ಗೊತ್ತಾದಾಗ ಅವನಿಗೆ ಬಿಸಿಲಲ್ಲಿ ಗ್ರೌಂಡು ಹತ್ತು ಸುತ್ತು ಹೊಡೆಸಿದೆ. ಅವನು ಓಡಿದ. ಮರುದಿನದಿಂದ ಜಾಗ ಬದಲಾಯಿಸಿದ, ಊರಾಚೆಯ ಹಳ್ಳದ ದಾರಿಯಲ್ಲಿ ಹಿಡಿಯತೊಡಗಿದ. ಅವನ ಅಪ್ಪ ಅವನನ್ನು ಹಗ್ಗದಿಂದ ಹೊಡೆಯುತ್ತಿದ್ದ ಸಂಗತಿ ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗಿರಲಿಲ್ಲ. ಈಗ ಅಂಥ ಮಗು ಸಿಕ್ಕರೆ ಒಬ್ಬನನ್ನೇ ಕೂರಿಸಿಕೊಂಡು ಮಾತಾಡುತ್ತೇನೆ. ಮಾಡಿದ್ದನ್ನು ಮಾಡಿದ್ದು ಎಂದೇ ಹೇಳುತ್ತೇನೆ, ಅದು ನಿಲ್ಲಬೇಕು ಅನ್ನುತ್ತೇನೆ, ವಾರ ಬಿಟ್ಟು ಮತ್ತೆ ಕರೆಯುತ್ತೇನೆ. ಮನೆಗೂ ಹೋಗುತ್ತೇನೆ. ಎಲ್ಲರೂ ಸರಿಹೋಗಿದ್ದಾರೆ ಎಂದು ಹೇಳಲಾರೆ. ಕಳೆದ ವರ್ಷ ಒಬ್ಬನ ವಿಷಯದಲ್ಲಿ ಸೋತೆ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮನೆಮನೆಗೆ ಬಂದ ಮೊಬೈಲು ಹಾಗೇ ಉಳಿದಿದೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳ ಫೋಟೋ ಸ್ಟಿಕ್ಕರ್ ಆಗಿ ರಾತ್ರಿ ಹನ್ನೊಂದಕ್ಕೆ ಓಡಾಡಿತು. ನಲ್ಲಿಯ ಹಿಂದೆ ನಾನು ನಿಲ್ಲಬಲ್ಲೆ, ಅಲ್ಲಿ ನಿಲ್ಲಲಾರೆ. ಅದಕ್ಕೆ ಮನೆಯವರೇ ಬೇಕು.

ಮನೆಯವರೇ, ಮಗು ಬೆಳಿಗ್ಗೆ ಎದ್ದೊಡನೆ ಹೊಟ್ಟೆನೋವು ಅಂದರೆ, ಭಾನುವಾರ ಮಾತ್ರ ಆ ನೋವು ಬರದಿದ್ದರೆ, ದಾರಿ ಬದಲಿಸಿ ಸುತ್ತುಬಳಸಿ ಶಾಲೆಗೆ ಹೋಗುತ್ತಿದ್ದರೆ, ಪೆನ್ನು ಪುಸ್ತಕ ಪದೇ ಪದೇ ಕಳೆಯುತ್ತಿದ್ದರೆ, ಸಂಜೆ ಬಂದವನೇ ಹಸಿದ ಕರುವಿನಂತೆ ಅನ್ನಕ್ಕೆ ಬೀಳುತ್ತಿದ್ದರೆ, ಬೈಯುವ ಮೊದಲು ಪಕ್ಕ ಕೂತುಕೊಳ್ಳಿ. ‘ನೀನೂ ಎರಡು ಕೊಡು’ ಅನ್ನಬೇಡಿ, ಕೊಡಲು ಆಗುತ್ತಿದ್ದರೆ ಅವನು ಕೊಟ್ಟಿರುತ್ತಿದ್ದ. ಶಾಲೆಗೆ ಬನ್ನಿ. ಶಾಲೆ ಕೇಳದಿದ್ದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರ ಮುಂದೆ ಹೇಳಿ. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕಾಸು ಬೀಳುವುದಿಲ್ಲ, ಮಗುವೇ ಮಾಡಬಹುದು. ಮನಸ್ಸು ಕುಗ್ಗಿದ ಮಗುವಿಗೆ, ಅಪ್ಪಅಮ್ಮನಿಗೂ ಸಹ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಎರಡು ನಂಬರನ್ನು ನಾವು ಕಬಡ್ಡಿ ಅಂಕಣದ ಪಕ್ಕದ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ದೊಡ್ಡದಾಗಿ ಬರೆಸಿದ್ದೇವೆ.

ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕ ಮರುದಿನವೇ ಬೇಸಿಗೆ ರಜೆಯಲ್ಲಿ ಶಾಲೆಯ ಬೀಗ ತೆಗೆಸಿ ಹಳೆಯ ದಾಖಲಾತಿ ಪುಸ್ತಕ ತೆಗೆದೆ. 2011ರ ಜೂನ್. ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಊರು. ಹೆಡ್‌ಮಾಸ್ಟರ ದುಂಡು ಅಕ್ಷರದಲ್ಲಿ ಪೂರ್ತಿ ಹೆಸರಿತ್ತು, ಅವನ ತಾತನ ಹೆಸರು ಇರಬೇಕು, ಊರ ದೇವರ ಹೆಸರೂ ಅದೇ. ಷರಾ ಕಾಲಂನಲ್ಲಿ ‘2012 ಅಕ್ಟೋಬರ್‌ನಿಂದ ದೀರ್ಘ ಗೈರು’. ಟಿ.ಸಿ. ಪಡೆದ ಸಹಿ ಇಲ್ಲ. ಆ ಪುಟದ ಮುಂದೆ ನಿಂತು ಅವನ ಹೆಸರನ್ನು ಬಾಯಿಬಿಟ್ಟು ಓದಿದೆ. ಇಲ್ಲಿ ಬರೆಯುವುದಿಲ್ಲ, ಅವನನ್ನು ಕೇಳಿಲ್ಲ.

ಅಂದಿನಿಂದ ಪ್ರತಿ ಜೂನಿನಲ್ಲಿ ಎಂಟನೇ ತರಗತಿಗೆ ಡ್ರಿಲ್ ಕಲಿಸುವ ಮೊದಲು ಹೆಸರು ಕಲಿಯುತ್ತೇನೆ. ಅರವತ್ತು ಹೆಸರಿಗೆ ನನಗೆ ಒಂಬತ್ತು ಹತ್ತು ದಿನ ಬೇಕು. ವಯಸ್ಸಾಗುತ್ತಿದೆ, ಈ ವರ್ಷ ಹನ್ನೆರಡು ದಿನ ಹಿಡಿಯಿತು. ಅಲ್ಲಿಯವರೆಗೆ ಯಾರನ್ನೂ ‘ಏಯ್’ ಅನ್ನುವುದಿಲ್ಲ, ಹತ್ತಿರ ಹೋಗಿ ಕೇಳುತ್ತೇನೆ.

ಅವನ ಫೋನ್ ನಂಬರು ಅಂಗಡಿಯ ಹುಡುಗನಿಂದ ಸಿಕ್ಕಿತ್ತು. ಮಾಡಲು ಧೈರ್ಯ ಬರಲು ಬಹಳ ವರ್ಷ ಬೇಕಾಯಿತು. ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಮಾಡಿದೆ. ಆ ಕಡೆ ಬೋರ್ ಕೊರೆಯುವ ಸದ್ದು. ಪೂರ್ತಿ ಹೆಸರು ಹಿಡಿದು ಕರೆದೆ. ‘ಯಾರು? ಕೇಳಿಸ್ತಿಲ್ಲ, ಇನ್ನೊಂದ್ಸಲ ಹೇಳ್ರಿ’ ಅಂದ. ಇನ್ನೊಂದು ಸಲ ಕರೆದೆ. ನಾನು ಯಾರು ಅಂತಲೂ ಹೇಳಿದೆ. ಅವನು ಲಾರಿಯಿಂದ ದೂರ ನಡೆದು ಬಂದಿರಬೇಕು, ಸದ್ದು ಸಣ್ಣದಾಯಿತು. ಆ ಹೆಸರಿಟ್ಟದ್ದು ನನ್ನ ತಪ್ಪು, ಕೈ ಕುಲುಕಿಸಿದ್ದು ಅದಕ್ಕಿಂತ ದೊಡ್ಡ ತಪ್ಪು ಅಂದೆ. ಅವನು ಬಿಡಿ ಸಾ ಅನ್ನಲಿಲ್ಲ. ‘ಹೌದು ಸಾ’ ಅಂದ. ಇಬ್ಬರೂ ಸುಮ್ಮನಿದ್ದೆವು.

ಆಮೇಲೆ ಅವನೇ, ‘ನಮ್ಮಕ್ಕನ್ ಮಗ ಈ ಜೂನಿಗೆ ನಿಮ್ಮ ಇಸ್ಕೂಲಿಗೇ ಎಂಟಕ್ಕೆ ಬರ್ತಾನ್ ಸಾ. ಸ್ವಲ್ಪ ತಡವರಿಸ್ತಾನೆ ಮಾತಾಡುವಾಗ. ನೋಡ್ಕಳ್ರಿ’ ಅಂದ.

ಹೆಸರೇನು ಅಂತ ಕೇಳಿದೆ. ಹೇಳಿದ. ಕೈಗೆ ಸಿಕ್ಕ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡೆ.